ದೊಡ್ಡ ತಳಿಯ ನಾಯಿಮರಿಗೆ ಪೂರಕ ಆಹಾರ: ಏನು ಕೊಡಬೇಕು, ಎಷ್ಟು ಕೊಡಬೇಕು, ಏನನ್ನು ಕೊಡಲೇಬಾರದು

ದೊಡ್ಡ ತಳಿಯ ಮರಿ ಸಾಕುತ್ತಿರುವ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಎರಡು. ‘ಡ್ರೈ ಫುಡ್ ಜೊತೆಗೆ ಮೊಟ್ಟೆ, ಮೊಸರು, ಕೋಳಿಮಾಂಸ, ತರಕಾರಿ ಕೊಡಬಹುದೇ?’ ಎಂಬುದು ಒಂದು. ‘ಮೂಳೆ ಗಟ್ಟಿಯಾಗಲು ಯಾವ ಕ್ಯಾಲ್ಸಿಯಂ ಕೊಡಬೇಕು?’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ: ಖಂಡಿತ ಕೊಡಬಹುದು, ಆದರೆ ಅಳೆದು ಕೊಡಬೇಕು. ಎರಡನೆಯದಕ್ಕೆ ಉತ್ತರ: ಮರಿಯು ಸಮತೋಲಿತ ಪಪ್ಪಿ ಆಹಾರವನ್ನು ತಿನ್ನುತ್ತಿದ್ದರೆ ಯಾವ ಕ್ಯಾಲ್ಸಿಯಮ್ಮೂ ಬೇಡ. ಈ ಎರಡು ಉತ್ತರಗಳ ಹಿಂದಿನ ಕಾರಣವನ್ನೂ ಅವುಗಳನ್ನು ಪಾಲಿಸುವ ವಿಧಾನವನ್ನೂ ಕೆಳಗೆ ಹಂತ ಹಂತವಾಗಿ ವಿವರಿಸಿದ್ದೇನೆ.

ಇಲ್ಲಿ ದೊಡ್ಡ ತಳಿ ಎಂದರೆ ಬೆಳೆದ ಮೇಲೆ ಸುಮಾರು 25 ಕಿಲೊ ದಾಟುವ ನಾಯಿಗಳು: ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್ ಮೊದಲಾದವು. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಮ್ಯಾಸ್ಟಿಫ್‌ಗಳಂತಹ ದೈತ್ಯ ತಳಿಗಳಿಗೆ ಇದೇ ಮಾತು ಇನ್ನಷ್ಟು ಬಿಗಿಯಾಗಿ ಅನ್ವಯಿಸುತ್ತದೆ. ಹುಟ್ಟುವಾಗ ಅರ್ಧ ಕಿಲೊ ತೂಗುವ ಮರಿಯು ಒಂದು, ಒಂದೂವರೆ ವರ್ಷದೊಳಗೆ ಅದರ ಹಲವು ಹತ್ತು ಪಟ್ಟು ತೂಕಕ್ಕೆ ಬೆಳೆಯುತ್ತದೆ. ಈ ಅವಧಿಯಲ್ಲಿ ಮೂಳೆಯ ತುದಿಗಳಲ್ಲಿರುವ ಮೃದುವಾದ ಬೆಳವಣಿಗೆಯ ಪದರ, ಅಂದರೆ ಮೂಳೆ ಉದ್ದವಾಗುವ ಜಾಗ, ಇನ್ನೂ ಗಟ್ಟಿಯಾಗಿರುವುದಿಲ್ಲ. ಅದರ ಮೇಲೆ ಹೆಚ್ಚು ಭಾರ ಬಿದ್ದರೆ ಅಥವಾ ಖನಿಜಾಂಶಗಳು ಏರುಪೇರಾದರೆ ಮೂಳೆ, ಕೀಲುಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ. ಆದ್ದರಿಂದ ಮರಿಯನ್ನು ನಿಧಾನವಾಗಿ, ತೆಳ್ಳಗೆ ಬೆಳೆಸುವುದೇ ನಮ್ಮ ಗುರಿಯಾಗಿರಬೇಕು. ನಿಧಾನವಾಗಿ ಬೆಳೆದ ಮಾತ್ರಕ್ಕೆ ನಾಯಿಯು ಗಿಡ್ಡವಾಗಿ ಉಳಿಯುವುದಿಲ್ಲ. ಎಷ್ಟು ಎತ್ತರವಾಗಬೇಕೆಂಬುದನ್ನು ಅದರ ವಂಶವಾಹಿ ಬಹುಮಟ್ಟಿಗೆ ನಿರ್ಧರಿಸಿರುತ್ತದೆ, ಆ ಎತ್ತರವನ್ನು ಕೆಲವು ತಿಂಗಳು ತಡವಾಗಿ ಮುಟ್ಟುತ್ತದೆ, ಅಷ್ಟೆ.

ಶುರು ಮಾಡುವ ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ಗ್ರಾಂ ತೋರಿಸುವ ಅಡುಗೆಮನೆಯ ತೂಕದ ಯಂತ್ರ, ಮರಿಯನ್ನು ತೂಗುವ ವ್ಯವಸ್ಥೆ (ಮರಿಯನ್ನು ಎತ್ತಿಕೊಂಡು ನೀವು ತೂಗಿಕೊಂಡು, ನಿಮ್ಮ ತೂಕವನ್ನು ಕಳೆದರೂ ಸಾಕು), ಡ್ರೈ ಫುಡ್ ಚೀಲದ ಲೇಬಲ್ ಮತ್ತು ಒಂದು ನೋಟ್‌ಪುಸ್ತಕ.

ಹಂತ 1: ಮೂಲ ಆಹಾರ ಸರಿಯಿದೆಯೇ ಎಂದು ನೋಡಿ

ಪೂರಕ ಆಹಾರವು ಮೂಲ ಆಹಾರದ ಕೊರತೆಯನ್ನು ತುಂಬಲಾರದು. ಹಾಗಾಗಿ ಮೊದಲು ಚೀಲದ ಲೇಬಲ್ ಓದಿ. ಅದು ಮರಿಗಳ ಬೆಳವಣಿಗೆಗೆ ಪೂರ್ಣ ಮತ್ತು ಸಮತೋಲಿತ ಆಹಾರ ಎಂದು ಬರೆದಿರಬೇಕು. ದೊಡ್ಡ ಗಾತ್ರದ ನಾಯಿಗಳ ಬೆಳವಣಿಗೆಗೂ ಸೂಕ್ತ ಎಂಬ ಮಾತು ಪ್ರತ್ಯೇಕವಾಗಿ ಇದ್ದರೆ ಒಳ್ಳೆಯದು. ಈ ಮಾತು ಸುಮ್ಮನೆ ಬಂದದ್ದಲ್ಲ. ಪ್ರಾಣಿ ಆಹಾರಕ್ಕೆ ಮಾನದಂಡ ರೂಪಿಸುವ ಅಮೆರಿಕದ ಎಎಎಫ್‌ಸಿಒ ಸಂಸ್ಥೆಯು ದೊಡ್ಡ ಗಾತ್ರದ ಮರಿಗಳ ಆಹಾರದಲ್ಲಿ ಕ್ಯಾಲ್ಸಿಯಂ ಶೇ 1.2ಕ್ಕಿಂತ ಕಡಿಮೆಯಿರಬಾರದು, ಶೇ 1.8 ಅನ್ನು ಮೀರಬಾರದು ಎಂದು ನಿಗದಿ ಮಾಡಿದೆ. ಉಳಿದ ನಾಯಿಗಳ ಆಹಾರದಲ್ಲಿ ಈ ಮೇಲಿನ ಮಿತಿ ಶೇ 2.5ರವರೆಗೆ ಹೋಗಬಹುದು. ಕ್ಯಾಲ್ಸಿಯಂ ಮತ್ತು ರಂಜಕದ ಪ್ರಮಾಣವು 1:1ರಿಂದ 2:1ರ ನಡುವೆ ಇರಬೇಕು.

ಈ ಅಂಕಿಗಳು ‘ಒಣ ಆಧಾರ’ದ ಮೇಲಿನವು, ಅಂದರೆ ಆಹಾರದಲ್ಲಿರುವ ನೀರಿನಂಶವನ್ನು ಕಳೆದು ಹಾಕಿದ ಲೆಕ್ಕ. ಲೇಬಲ್‌ನಲ್ಲಿರುವುದು ಸಾಮಾನ್ಯವಾಗಿ ನೀರಿನಂಶವೂ ಸೇರಿದ ಲೆಕ್ಕ. ಪರಿವರ್ತಿಸುವುದು ಸುಲಭ. ಲೇಬಲ್‌ನಲ್ಲಿ ಕ್ಯಾಲ್ಸಿಯಂ ಶೇ 1.3, ತೇವಾಂಶ ಶೇ 10 ಎಂದಿದ್ದರೆ, 1.3ನ್ನು 90ರಿಂದ ಭಾಗಿಸಿ 100ರಿಂದ ಗುಣಿಸಿ. ಸುಮಾರು ಶೇ 1.44 ಬರುತ್ತದೆ, ಮಿತಿಯೊಳಗಿದೆ. ಇಲ್ಲೊಂದು ಎಚ್ಚರಿಕೆ ಅಗತ್ಯ: ಅನೇಕ ಚೀಲಗಳ ಮೇಲೆ ಕ್ಯಾಲ್ಸಿಯಮ್ಮಿನ ‘ಕನಿಷ್ಠ’ ಪ್ರಮಾಣವನ್ನಷ್ಟೇ ಮುದ್ರಿಸಿರುತ್ತಾರೆ. ನಮಗೆ ಬೇಕಾದುದು ಗರಿಷ್ಠ ಅಥವಾ ನಿಜವಾದ ಪ್ರಮಾಣ. ಅದು ಕಾಣದಿದ್ದರೆ ತಯಾರಕರಿಗೆ ಬರೆದು ಕೇಳಿ. ಉತ್ತರ ಕೊಡಲಾಗದವರ ಆಹಾರವನ್ನು ನಾನಾದರೆ ದೊಡ್ಡ ತಳಿಯ ಮರಿಗೆ ಹಾಕುವುದಿಲ್ಲ.

ನಿಮ್ಮ ಮರಿಯ ಮೂಲ ಆಹಾರವೇ ಮನೆಯ ಅಡುಗೆಯಾಗಿದ್ದರೆ ಈ ಲೇಖನದ ಲೆಕ್ಕ ನಿಮಗೆ ಹೊಂದುವುದಿಲ್ಲ. ಬರೀ ಮಾಂಸ ಮತ್ತು ಅನ್ನದ ಆಹಾರದಲ್ಲಿ ರಂಜಕ ಹೆಚ್ಚಿದ್ದು ಕ್ಯಾಲ್ಸಿಯಂ ತೀರಾ ಕಡಿಮೆಯಿರುತ್ತದೆ. ದೇಹವು ಆ ಕೊರತೆಯನ್ನು ತುಂಬಲು ಮರಿಯ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ; ಕೊನೆಗೆ ಸಣ್ಣ ಜಿಗಿತಕ್ಕೂ ಮೂಳೆ ಮುರಿಯುವ ಸ್ಥಿತಿ ಬರುತ್ತದೆ. ಅಂತಹ ಮರಿಗಳಿಗೆ ಕ್ಯಾಲ್ಸಿಯಂ ಬೇಕೇ ಬೇಕು, ಆದರೆ ಅದರ ಪ್ರಮಾಣವನ್ನು ಪೋಷಣೆಯಲ್ಲಿ ಪರಿಣತರಾದ ಪಶುವೈದ್ಯರು ಲೆಕ್ಕ ಹಾಕಿ ಬರೆದುಕೊಡಬೇಕು.

ಹಂತ 2: ದಿನದ ಶಕ್ತಿಯ ಲೆಕ್ಕ ಹಾಕಿ

ಆಹಾರದ ಶಕ್ತಿಯನ್ನು ಕಿಲೊಕ್ಯಾಲೊರಿಯಲ್ಲಿ ಅಳೆಯುತ್ತಾರೆ. ಮರಿಗೆ ದಿನಕ್ಕೆ ಎಷ್ಟು ಬೇಕೆಂದು ತಿಳಿಯಲು ಫೋನಿನ ಕ್ಯಾಲ್ಕುಲೇಟರ್ ಸಾಕು. ಮರಿಯ ತೂಕವನ್ನು ಕಿಲೊಗಳಲ್ಲಿ ತೆಗೆದುಕೊಂಡು ಮೂರು ಸಲ ಪರಸ್ಪರ ಗುಣಿಸಿ, ಬಂದ ಸಂಖ್ಯೆಯ ವರ್ಗಮೂಲವನ್ನು ಎರಡು ಬಾರಿ ತೆಗೆಯಿರಿ, ಆಮೇಲೆ 70ರಿಂದ ಗುಣಿಸಿ. ಇದು ಮರಿಯು ಸುಮ್ಮನೆ ಮಲಗಿದ್ದರೂ ಬೇಕಾಗುವ ಶಕ್ತಿ. ನಾಲ್ಕು ತಿಂಗಳೊಳಗಿನ ಮರಿಗಾದರೆ ಇದರ ಮೂರು ಪಟ್ಟು, ನಾಲ್ಕು ತಿಂಗಳು ದಾಟಿದ್ದರೆ ಎರಡು ಪಟ್ಟು ಎಂದು ಇಟ್ಟುಕೊಂಡು ಶುರು ಮಾಡಬಹುದು.

ಐದು ತಿಂಗಳಿನ, 20 ಕಿಲೊ ತೂಕದ ಮರಿಯ ಲೆಕ್ಕವನ್ನು ಮಾಡಿ ನೋಡೋಣ. 20ನ್ನು ಮೂರು ಸಲ ಗುಣಿಸಿದರೆ 8000. ಅದರ ವರ್ಗಮೂಲ ಸುಮಾರು 89.4, ಮತ್ತೊಮ್ಮೆ ವರ್ಗಮೂಲ ತೆಗೆದರೆ 9.46. ಇದನ್ನು 70ರಿಂದ ಗುಣಿಸಿದರೆ 662, ಎರಡು ಪಟ್ಟು ಮಾಡಿದರೆ ಸುಮಾರು 1,324 ಕಿಲೊಕ್ಯಾಲೊರಿ. ನಿಮ್ಮ ಡ್ರೈ ಫುಡ್‌ನಲ್ಲಿ 100 ಗ್ರಾಮಿಗೆ 380 ಕಿಲೊಕ್ಯಾಲೊರಿ ಇದೆಯೆಂದುಕೊಂಡರೆ ದಿನಕ್ಕೆ 348 ಗ್ರಾಂ ಆಗುತ್ತದೆ.

ಈ ಲೆಕ್ಕವು ಆರಂಭದ ಅಂದಾಜು ಮಾತ್ರ. ಒಂದೇ ತೂಕದ ಎರಡು ಮರಿಗಳ ಅಗತ್ಯಗಳ ನಡುವೆಯೂ ಗಣನೀಯ ವ್ಯತ್ಯಾಸವಿರುತ್ತದೆ. ಅಂತಿಮ ತೀರ್ಮಾನವನ್ನು ಮರಿಯ ಮೈಕಟ್ಟೇ ಹೇಳುತ್ತದೆ. ಅದನ್ನು ಓದುವ ಬಗೆ ಆರನೆಯ ಹಂತದಲ್ಲಿದೆ.

ಹಂತ 3: ಹತ್ತನೇ ಒಂದು ಭಾಗವನ್ನು ಪೂರಕಕ್ಕೆ ಬಿಡಿ, ಅಷ್ಟನ್ನು ಮೂಲದಿಂದ ಕಳೆಯಿರಿ

ಪೂರಕ ಆಹಾರ, ತರಬೇತಿಯ ವೇಳೆ ಕೊಡುವ ತಿನಿಸು, ಮನೆಮಂದಿ ಕೈಯಿಂದ ಕೊಡುವ ಚೂರುಪಾರು ಎಲ್ಲವೂ ಸೇರಿ ದಿನದ ಶಕ್ತಿಯ ಶೇ 10ನ್ನು ಮೀರಬಾರದು. ಮೇಲಿನ ಮರಿಗೆ ಇದು ಸುಮಾರು 130 ಕಿಲೊಕ್ಯಾಲೊರಿ. ಶೇ 10ಕ್ಕೆ ನಿಲ್ಲಿಸುವುದರಿಂದ ಡ್ರೈ ಫುಡ್‌ನಲ್ಲಿರುವ ಖನಿಜ, ಜೀವಸತ್ವಗಳ ಸಮತೋಲನ ಕೆಡುವುದಿಲ್ಲ.

ಓದುಗರು ಅತಿ ಹೆಚ್ಚು ಎಡವುವುದು ಇಲ್ಲಿಯೇ. ಪೂರಕವನ್ನು ಸೇರಿಸುತ್ತಾರೆ, ಡ್ರೈ ಫುಡ್ ಕಡಿಮೆ ಮಾಡುವುದಿಲ್ಲ. 130 ಕಿಲೊಕ್ಯಾಲೊರಿಯಷ್ಟು ಮೊಟ್ಟೆ, ತರಕಾರಿ ಕೊಟ್ಟ ದಿನ ಆ ಮರಿಯ ಡ್ರೈ ಫುಡ್ 348 ಗ್ರಾಮಿನಿಂದ 314 ಗ್ರಾಮಿಗೆ ಇಳಿಯಬೇಕು. 34 ಗ್ರಾಂ ಎಂದರೆ ಒಂದು ಸಣ್ಣ ಹಿಡಿ. ಕಣ್ಣಂದಾಜಿನಲ್ಲಿ ಅದು ಗೊತ್ತೇ ಆಗುವುದಿಲ್ಲ, ಲೋಟದಲ್ಲಿ ಅಳೆದರೂ ತಪ್ಪುತ್ತದೆ. ಅದಕ್ಕಾಗಿಯೇ ತೂಕದ ಯಂತ್ರ ಬೇಕೆಂದು ಹೇಳಿದ್ದು.

ಇಷ್ಟು ಚಿಕ್ಕ ಲೆಕ್ಕಕ್ಕೆ ಇಷ್ಟೊಂದು ಮಹತ್ವವೇಕೆ ಎಂದು ಕೇಳುವವರಿಗೆ ಒಂದು ಅಧ್ಯಯನವನ್ನು ನೆನಪಿಸುತ್ತೇನೆ. 48 ಲ್ಯಾಬ್ರಡಾರ್ ಮರಿಗಳನ್ನು ಒಂದೇ ಸೂಲಿನ ಜೋಡಿಗಳಾಗಿ ವಿಂಗಡಿಸಿ, ಎಂಟು ವಾರದ ವಯಸ್ಸಿನಿಂದ ಜೀವನಪರ್ಯಂತ, ಜೋಡಿಯ ಒಂದಕ್ಕೆ ಇನ್ನೊಂದು ತಿಂದುದಕ್ಕಿಂತ ಶೇ 25ರಷ್ಟು ಕಡಿಮೆ ಆಹಾರ ಕೊಡಲಾಯಿತು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಡಿಮೆ ತಿಂದ ಗುಂಪಿನ ಮಧ್ಯಮ ಆಯುಸ್ಸು 13 ವರ್ಷ, ಹೆಚ್ಚು ತಿಂದ ಗುಂಪಿನದು 11.2 ವರ್ಷ. ತೆಳ್ಳಗಿದ್ದ ನಾಯಿಗಳಲ್ಲಿ ಸೊಂಟದ ಕೀಲಿನ ತೊಂದರೆ ಮತ್ತು ಕೀಲುಸವೆತವೂ ಕಡಿಮೆಯಿದ್ದವು.

ಹಂತ 4: ಏನನ್ನು ಕೊಡಬಹುದೆಂದು ಆರಿಸಿ

ಮೊಸರು, ಹಣ್ಣುಗಳನ್ನು ಬಿಟ್ಟು ಉಳಿದೆಲ್ಲವನ್ನೂ ಉಪ್ಪು, ಮಸಾಲೆ, ಎಣ್ಣೆ, ಈರುಳ್ಳಿ ಇಲ್ಲದೆ ಬೇಯಿಸಿ, ತಣಿಸಿ ಕೊಡಬೇಕು.

ಮೊಟ್ಟೆ: ಪೂರ್ತಿ ಬೇಯಿಸಿದ ಒಂದು ದೊಡ್ಡ ಮೊಟ್ಟೆಯಲ್ಲಿ ಸುಮಾರು 75 ಕಿಲೊಕ್ಯಾಲೊರಿ ಇದೆ, ಪ್ರೋಟೀನು ಉತ್ಕೃಷ್ಟ. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ಅಂಶವು ಬಯೋಟಿನ್ ಎಂಬ ಜೀವಸತ್ವವನ್ನು ದೇಹಕ್ಕೆ ಸಿಗದಂತೆ ಕಟ್ಟಿಹಾಕುತ್ತದೆ. ಸಾಲ್ಮೊನೆಲ್ಲಾ ಸೋಂಕಿನ ಭಯವೂ ಇದೆ. ಬೇಯಿಸಿದರೆ ಎರಡೂ ತಪ್ಪುತ್ತವೆ. ಸಿಪ್ಪೆಯನ್ನು ಮಾತ್ರ ಬಿಸಾಡಿ; ಕಾರಣ ಮುಂದಿನ ಹಂತದಲ್ಲಿದೆ.

ಕೋಳಿಮಾಂಸ: ಚರ್ಮ ಮತ್ತು ಮೂಳೆ ತೆಗೆದ, ಬೇಯಿಸಿದ ಎದೆಯ ಭಾಗದಲ್ಲಿ 100 ಗ್ರಾಮಿಗೆ ಸುಮಾರು 165 ಕಿಲೊಕ್ಯಾಲೊರಿ ಇದೆ. ‘ಪ್ರೋಟೀನು ಹೆಚ್ಚಾದರೆ ದೊಡ್ಡ ಮರಿಯ ಮೂಳೆ ಕೆಡುತ್ತದೆ’ ಎಂಬ ಹಳೆಯ ಮಾತನ್ನು ಇನ್ನೂ ಅನೇಕರು ನಂಬುತ್ತಾರೆ. ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಅಧ್ಯಯನಗಳು ಅದನ್ನು ಸಮರ್ಥಿಸಲಿಲ್ಲ. ಮೂಳೆಯನ್ನು ಕೆಡಿಸುವುದು ಒಟ್ಟು ಶಕ್ತಿಯ ಹೆಚ್ಚಳ ಮತ್ತು ಕ್ಯಾಲ್ಸಿಯಮ್ಮಿನ ಏರುಪೇರು.

ಮೀನು: ಮುಳ್ಳು ತೆಗೆದು ಬೇಯಿಸಿದ ಭೂತಾಯಿಯಂತಹ ಚಿಕ್ಕ ಎಣ್ಣೆಮೀನುಗಳಲ್ಲಿ ಡಿಎಚ್‌ಎ ಎಂಬ ಕೊಬ್ಬಿನಾಮ್ಲವಿದೆ, ಇದು ಮರಿಯ ಮೆದುಳು ಮತ್ತು ಕಣ್ಣುಗಳ ಬೆಳವಣಿಗೆಗೆ ಬೇಕು. ವಾರಕ್ಕೆ ಒಂದೆರಡು ಸಲ ಸಣ್ಣ ತುಂಡು ಸಾಕು. ಕೆಲವು ಹಸಿ ಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವ ಇರುವುದರಿಂದ ಹಸಿಯಾಗಿ ಕೊಡಬೇಡಿ.

ಮೊಸರು: ಸಕ್ಕರೆ, ಸಿಹಿಕಾರಕ ಇಲ್ಲದ ಗಟ್ಟಿ ಮೊಸರು, 100 ಗ್ರಾಮಿಗೆ ಸುಮಾರು 60 ಕಿಲೊಕ್ಯಾಲೊರಿ. ಹಾಲು ಬೇಡ. ತಾಯಿಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಮರಿಯಲ್ಲಿ ಕುಗ್ಗುತ್ತಾ ಹೋಗುತ್ತದೆ, ಭೇದಿ ಶುರುವಾಗುತ್ತದೆ.

ತರಕಾರಿ: ಬೇಯಿಸಿ ಮಸೆದ ಸಿಹಿಗುಂಬಳ, ಕ್ಯಾರೆಟ್, ಬೀನ್ಸ್. ಶಕ್ತಿ ಕಡಿಮೆ, ನಾರು ಚೆನ್ನಾಗಿದೆ, ಹೊಟ್ಟೆಬಾಕ ಮರಿಗಳಿಗೆ ಹೇಳಿಮಾಡಿಸಿದ್ದು. ಗೆಣಸಿನಲ್ಲಿ ಪಿಷ್ಟ ಹೆಚ್ಚು, ಆದ್ದರಿಂದ ಕಡಿಮೆ ಕೊಡಿ. ಹಣ್ಣುಗಳಲ್ಲಿ ಬೀಜ ತೆಗೆದ ಸೇಬು, ಬೀಜ ತೆಗೆದ ಕಲ್ಲಂಗಡಿ, ಒಂದೆರಡು ಬಿಲ್ಲೆ ಬಾಳೆಹಣ್ಣು ನಡೆಯುತ್ತವೆ. ದೊಡ್ಡ ಮರಿಗಳು ಅಗಿಯದೆ ನುಂಗುತ್ತವೆ. ಇಡೀ ಕ್ಯಾರೆಟ್ ತುಂಡು ಗಂಟಲಲ್ಲಿ, ಜೋಳದ ದಿಂಡು ಇಲ್ಲವೇ ಹಣ್ಣಿನ ಓಟೆ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು.

ಪಿತ್ತಜನಕಾಂಗ, ಅಂದರೆ ಲಿವರ್: ಪೌಷ್ಟಿಕವೇ ಸರಿ, ಆದರೆ ಇದರಲ್ಲಿ ಎ ಜೀವಸತ್ವ ಬಹಳ ಹೆಚ್ಚು, ಮತ್ತು ಅದು ದೇಹದಲ್ಲಿ ಶೇಖರವಾಗುತ್ತದೆ. ವಾರಕ್ಕೊಮ್ಮೆ ಒಂದು ಸಣ್ಣ ತುಂಡಿಗೆ ನಿಲ್ಲಿಸಿ.

ನಮ್ಮ 20 ಕಿಲೊ ಮರಿಯ ಒಂದು ದಿನದ ಪೂರಕ ಹೀಗಿರಬಹುದು: ಬೇಯಿಸಿದ ಒಂದು ಮೊಟ್ಟೆ, 50 ಗ್ರಾಂ ಸಿಹಿಗುಂಬಳ, 60 ಗ್ರಾಂ ಮೊಸರು, ಒಟ್ಟು 125ರ ಆಸುಪಾಸು. ಮರುದಿನ 60 ಗ್ರಾಂ ಕೋಳಿಮಾಂಸ ಮತ್ತು 75 ಗ್ರಾಂ ಬೀನ್ಸ್. ಅಂದು ತರಬೇತಿಯ ತಿನಿಸು ಕೊಡುವುದಿದ್ದರೆ ಅದೇ ಕೋಳಿಮಾಂಸವನ್ನು ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ ಬಳಸಿ. ಬೇರೆ ತಿನಿಸು ಬೇಡ.

ಹಂತ 5: ಕ್ಯಾಲ್ಸಿಯಂ ಡಬ್ಬಿಯನ್ನು ಮುಚ್ಚಿಡಿ

ಕಾಳಜಿಯಿಂದಲೇ ಆಗುವ ತಪ್ಪು ಇದು, ಹಾಗಾಗಿ ಇದರ ಬಗ್ಗೆ ನನಗೆ ಹೆಚ್ಚು ಆತಂಕವಿದೆ. ಬೆಳೆದ ನಾಯಿಯ ಕರುಳು ಬೇಕಾದಷ್ಟು ಕ್ಯಾಲ್ಸಿಯಂ ಹೀರಿ ಉಳಿದುದನ್ನು ಹೊರಗೆ ಬಿಡುತ್ತದೆ. ಆರು ತಿಂಗಳೊಳಗಿನ ಮರಿಗೆ ಆ ನಿಯಂತ್ರಣ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಕೊಟ್ಟದ್ದರಲ್ಲಿ ದೊಡ್ಡ ಪಾಲು ಮೈಗೆ ಸೇರಿಬಿಡುತ್ತದೆ. ನೆದರ್ಲೆಂಡ್ಸ್‌ನ ಯೂಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಹೆಚ್ಚು ಕ್ಯಾಲ್ಸಿಯಂ ತಿಂದ ಮರಿಗಳಿಗೆ ಮೂಳೆಯ ಬೆಳವಣಿಗೆಯ ದೋಷಗಳು ಕಾಣಿಸಿಕೊಂಡವು. ಅವುಗಳಲ್ಲಿ ಮುಖ್ಯವಾದುದು ಆಸ್ಟಿಯೊಕಾಂಡ್ರೋಸಿಸ್, ಅಂದರೆ ಕೀಲಿನ ಮೃದ್ವಸ್ಥಿಯು ಸರಿಯಾಗಿ ಮೂಳೆಯಾಗದೆ ಬಿರುಕು ಬಿಡುವ ತೊಂದರೆ.

ಮೊಟ್ಟೆಯ ಸಿಪ್ಪೆಯ ಪುಡಿಯನ್ನೇ ನೋಡಿ. ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮೇಲಿನ 20 ಕಿಲೊ ಮರಿಗೆ ದಿನಕ್ಕೆ ಬೇಕಾದುದು 4ರಿಂದ 6 ಗ್ರಾಂ. ಒಳ್ಳೆಯ ಡ್ರೈ ಫುಡ್‌ನಿಂದಲೇ ಅದಕ್ಕೆ 4.8 ಗ್ರಾಂ ಸಿಗುತ್ತಿದೆ ಎಂದುಕೊಳ್ಳಿ. ‘ನೈಸರ್ಗಿಕ ತಾನೇ’ ಎಂದು ಒಂದೇ ಒಂದು ಚಮಚ ಪುಡಿ ಉದುರಿಸಿದರೆ ಮೊತ್ತ 6.8 ಆಗಿ ಮಿತಿಯನ್ನು ದಾಟುತ್ತದೆ, ಅದೂ ಪ್ರತಿದಿನ. ಮೂಳೆಪುಡಿ, ಸಿರಪ್, ಮಾತ್ರೆಗಳ ವಿಷಯವೂ ಇಷ್ಟೇ. ಮೊಸರಿನಲ್ಲಿ 100 ಗ್ರಾಮಿಗೆ 120 ಮಿಲಿಗ್ರಾಮಿನಷ್ಟು ಮಾತ್ರ ಕ್ಯಾಲ್ಸಿಯಂ ಇರುವುದರಿಂದ ಅದರ ಬಗ್ಗೆ ಹೆದರಬೇಕಿಲ್ಲ.

ಡಿ ಜೀವಸತ್ವದ ಹನಿಗಳು ಮತ್ತು ಕಾಡ್ ಲಿವರ್ ಎಣ್ಣೆಯನ್ನೂ ಸ್ವಂತ ನಿರ್ಧಾರದಿಂದ ಕೊಡಬೇಡಿ. ನಾಯಿಗಳಿಗೆ ಬಿಸಿಲಿನಿಂದ ಈ ಜೀವಸತ್ವ ಸಾಕಷ್ಟು ಸಿಗುವುದಿಲ್ಲ, ಆಹಾರದಿಂದಲೇ ಸಿಗಬೇಕು ಎಂಬುದು ನಿಜ. ಆದರೆ ಸಮತೋಲಿತ ಆಹಾರದಲ್ಲಿ ಅದನ್ನು ಆಗಲೇ ಸೇರಿಸಿರುತ್ತಾರೆ, ಹೆಚ್ಚಾದರೆ ಅದು ವಿಷವಾಗಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಸಾಮಾನ್ಯ ಮೀನೆಣ್ಣೆ ಮತ್ತು ಕಾಡ್ ಲಿವರ್ ಎಣ್ಣೆ ಬೇರೆ ಬೇರೆ ಎಂಬುದನ್ನೂ ಗಮನಿಸಿ: ಮೊದಲನೆಯದು ಮೀನಿನ ಮೈಯಿಂದ ತೆಗೆದದ್ದು, ಎರಡನೆಯದು ಎ ಮತ್ತು ಡಿ ಜೀವಸತ್ವಗಳು ತುಂಬಿದ ಪಿತ್ತಜನಕಾಂಗದಿಂದ ತೆಗೆದದ್ದು.

ಇವುಗಳ ಜೊತೆಗೆ ಎಂದೂ ಕೊಡಬಾರದ ಆಹಾರಗಳಿವೆ: ದ್ರಾಕ್ಷಿ, ಒಣದ್ರಾಕ್ಷಿ, ಹುಣಸೆ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಕಾಫಿ, ಚಹಾ, ಮಕಡೇಮಿಯಾ ಬೀಜ, ಹಸಿ ಯೀಸ್ಟ್ ಹಿಟ್ಟು, ಮದ್ಯ ಮತ್ತು ಜೈಲಿಟಾಲ್ ಎಂಬ ಸಿಹಿಕಾರಕವಿರುವ ಯಾವುದೇ ತಿನಿಸು. ಕೆಲವು ಕಡಲೆಕಾಯಿ ಬೆಣ್ಣೆಗಳಲ್ಲಿ ಜೈಲಿಟಾಲ್ ಇರುತ್ತದೆ, ಲೇಬಲ್ ಓದದೆ ಕೊಡಬೇಡಿ. ಬೇಯಿಸಿದ ಮೂಳೆಯು ಚೂಪಾದ ಚೂರುಗಳಾಗಿ ಒಡೆದು ಕರುಳನ್ನು ತೂತು ಮಾಡಬಲ್ಲದು.

ಹಂತ 6: ಒಂದೊಂದಾಗಿ ಪರಿಚಯಿಸಿ, ಕೈಯಿಂದ ಪರೀಕ್ಷಿಸಿ

ಮರಿ ಹೊಸದಾಗಿ ಮನೆಗೆ ಬಂದ ಮೊದಲ ಎರಡು ವಾರ ಯಾವ ಪೂರಕವನ್ನೂ ಕೊಡಬೇಡಿ. ಊರು, ನೀರು, ಜನ ಎಲ್ಲವೂ ಬದಲಾಗಿರುವಾಗ ಹೊಟ್ಟೆ ಕೆಟ್ಟರೆ ಕಾರಣ ತಿಳಿಯುವುದಿಲ್ಲ. ಆಮೇಲೆ ಒಂದು ಹೊಸ ಆಹಾರವನ್ನು ಒಂದು ಟೀ ಚಮಚದಷ್ಟು ಡ್ರೈ ಫುಡ್ ಜೊತೆ ಬೆರೆಸಿ ಕೊಡಿ. ಮೂರರಿಂದ ಐದು ದಿನ ಅದೊಂದನ್ನೇ ಮುಂದುವರಿಸಿ, ಮಲ ಗಟ್ಟಿಯಾಗಿದೆಯೇ, ಮೈ ತುರಿಸಿಕೊಳ್ಳುತ್ತಿದೆಯೇ, ವಾಂತಿಯಾಗುತ್ತಿದೆಯೇ ಎಂದು ನೋಡಿ ಬರೆದಿಡಿ. ಎಲ್ಲವೂ ಸರಿಯಿದ್ದರೆ ಪ್ರಮಾಣ ಹೆಚ್ಚಿಸಿ, ಮುಂದಿನ ಆಹಾರಕ್ಕೆ ಹೋಗಿ. ಒಂದೇ ದಿನ ಮೂರು ಹೊಸ ಪದಾರ್ಥ ಹಾಕಿ ಮರುದಿನ ಭೇದಿಯಾದಾಗ ಯಾವುದರಿಂದ ಆಯಿತೆಂದು ಕೇಳಿದರೆ ಯಾರೂ ಹೇಳಲಾರರು.

ನಾಲ್ಕು ತಿಂಗಳವರೆಗೆ ದಿನಕ್ಕೆ ಮೂರು ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಆಹಾರ ಕೊಡಿ. ಆಳವಾದ ಎದೆಯ ದೊಡ್ಡ ತಳಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇರುವುದರಿಂದ ದಿನದ ಊಟವನ್ನೆಲ್ಲ ಒಂದೇ ಸಲ ಹಾಕುವ ಅಭ್ಯಾಸ ಬೇಡ.

ವಾರಕ್ಕೊಮ್ಮೆ ತೂಕ ಬರೆದಿಡಿ, ಅದೇ ದಿನ ಪಕ್ಕೆಲುಬುಗಳನ್ನೂ ಮುಟ್ಟಿ ನೋಡಿ. ಇದಕ್ಕೆ ನಿಮ್ಮ ಕೈಯೇ ಅಳತೆಗೋಲು. ಮೊದಲು ಮುಷ್ಟಿ ಬಿಗಿದು ಇನ್ನೊಂದು ಕೈಯ ಬೆರಳಿಂದ ಗೆಣ್ಣುಗಳ ಮೇಲೆ ಸವರಿ. ಮರಿಯ ಪಕ್ಕೆ ಹೀಗೆ ಏರುತಗ್ಗಾಗಿ ಸಿಕ್ಕರೆ ಅದು ತೀರಾ ಬಡಕಲು. ಈಗ ಅಂಗೈಯನ್ನು ಬಿಚ್ಚಿ, ಬೆರಳುಗಳ ಬುಡದ ಮೆತ್ತನೆಯ ಭಾಗವನ್ನು ಒತ್ತಿ. ಪಕ್ಕೆ ಹೀಗಿದ್ದರೆ ಬೊಜ್ಜು ಬಂದಿದೆ. ಕೊನೆಗೆ ಕೈಯನ್ನು ಚಪ್ಪಟೆಯಾಗಿ ಚಾಚಿ ಅದರ ಹಿಂಬದಿಯನ್ನು ಸವರಿ. ತೆಳುವಾದ ಚರ್ಮದಡಿಯಲ್ಲಿ ಮೂಳೆಗಳು ಒತ್ತದೆಯೇ ತಿಳಿಯುತ್ತವೆ. ಮರಿಯ ಪಕ್ಕೆ ಹೀಗಿರಬೇಕು. ಮೇಲಿನಿಂದ ನೋಡಿದಾಗ ಪಕ್ಕೆಗಳ ಹಿಂದೆ ಸೊಂಟ ಒಳಸರಿದಿರಬೇಕು, ಪಕ್ಕದಿಂದ ನೋಡಿದಾಗ ಹೊಟ್ಟೆ ಹಿಂಗಾಲಿನ ಕಡೆಗೆ ಮೇಲೇರಿರಬೇಕು. ಪಶುವೈದ್ಯರು ಬಳಸುವ 1ರಿಂದ 9ರ ಮೈಕಟ್ಟಿನ ಅಂಕದಲ್ಲಿ ಇದು 4 ಅಥವಾ 5.

ಮೈಕೈ ತುಂಬಿಕೊಂಡು ಗುಂಡಗಿರುವ ಮರಿಯನ್ನು ಕಂಡವರೆಲ್ಲ ಮೆಚ್ಚುತ್ತಾರೆ, ತೆಳ್ಳಗಿರುವ ಮರಿಯನ್ನು ಕಂಡು ‘ಊಟ ಹಾಕುತ್ತಿಲ್ಲವೇ?’ ಎನ್ನುತ್ತಾರೆ. ಆ ಮಾತಿಗೆ ಮಣಿದು ಬಟ್ಟಲು ತುಂಬಿಸಬೇಡಿ. ಪಕ್ಕೆ ಕೈಗೆ ಸಿಗದಂತಾದರೆ ದಿನದ ಒಟ್ಟು ಆಹಾರವನ್ನು ಶೇ 10ರಷ್ಟು ಕಡಿಮೆ ಮಾಡಿ, ಗೆಣ್ಣಿನಂತೆ ಸಿಕ್ಕರೆ ಅಷ್ಟೇ ಹೆಚ್ಚಿಸಿ, ಒಂದು ವಾರ ಬಿಟ್ಟು ಮತ್ತೆ ಮುಟ್ಟಿ ನೋಡಿ. ತೂಕ ಬದಲಾದಂತೆ ಎರಡನೆಯ ಹಂತದ ಲೆಕ್ಕವನ್ನೂ ಹದಿನೈದು ದಿನಕ್ಕೊಮ್ಮೆ ಹೊಸದಾಗಿ ಹಾಕಿ. ದೊಡ್ಡ ತಳಿಗಳಲ್ಲಿ 12ರಿಂದ 18 ತಿಂಗಳವರೆಗೆ, ದೈತ್ಯ ತಳಿಗಳಲ್ಲಿ ಇನ್ನೂ ಕೆಲವು ತಿಂಗಳು ಈ ಕ್ರಮ ನಡೆಯಬೇಕು. ಬೆಳೆದ ನಾಯಿಯ ಆಹಾರಕ್ಕೆ ಯಾವಾಗ ಬದಲಾಯಿಸಬೇಕೆಂದು ಪಶುವೈದ್ಯರನ್ನು ಕೇಳಿ ನಿರ್ಧರಿಸಿ.

ಹಂತ 7: ಯಾವಾಗ ವೈದ್ಯರ ಬಳಿ ಓಡಬೇಕು

ಹೊಟ್ಟೆ ಡೊಳ್ಳಿನಂತೆ ಉಬ್ಬಿ, ಮರಿಯು ವಾಂತಿ ಮಾಡಲು ಹೆಣಗುತ್ತಿದ್ದರೂ ಏನೂ ಹೊರಬರದಿದ್ದರೆ ಒಂದು ನಿಮಿಷವನ್ನೂ ಕಳೆಯಬೇಡಿ. ಅದು ಹೊಟ್ಟೆ ತಿರುಚಿಕೊಂಡಿರುವ ಲಕ್ಷಣವಿರಬಹುದು. ನಿಷೇಧಿತ ಆಹಾರವನ್ನು ತಿಂದದ್ದು ಗೊತ್ತಾದರೆ ಲಕ್ಷಣ ಕಾಣುವವರೆಗೆ ಕಾಯಬೇಡಿ. ರಕ್ತ ಬೆರೆತ ಭೇದಿಯಾದರೆ, ಅಥವಾ ಭೇದಿಯ ಜೊತೆ ಮರಿ ಮಂಕಾದರೆ ಅಂದೇ ತೋರಿಸಿ.

ಕುಂಟುವುದು, ಮಲಗಿದಲ್ಲಿಂದ ಏಳಲು ತಿಣುಕುವುದು, ಮುಂಗಾಲಿನ ಮಣಿಕಟ್ಟು ಊದಿಕೊಳ್ಳುವುದು, ಮುಂಗಾಲುಗಳು ಬಿಲ್ಲಿನಂತೆ ಬಾಗುವುದು, ಪಾದ ಹೊರಕ್ಕೆ ತಿರುಗುವುದು, ಇವು ಮೂಳೆಯ ತೊಂದರೆಯ ಸೂಚನೆಗಳು. ಇವನ್ನು ಕಂಡಾಗ ಅನೇಕರು ಮೊದಲು ಮಾಡುವುದು ಕ್ಯಾಲ್ಸಿಯಂ ಶುರು ಮಾಡುವುದನ್ನೇ. ದಯವಿಟ್ಟು ಹಾಗೆ ಮಾಡಬೇಡಿ. ಕ್ಯಾಲ್ಸಿಯಂ ಹೆಚ್ಚಾಗಿ ಬಂದ ತೊಂದರೆಯೂ ಕಡಿಮೆಯಾಗಿ ಬಂದ ತೊಂದರೆಯೂ ಕುಂಟುವ ಮರಿಯಲ್ಲಿ ಹೊರಗಿನಿಂದ ಒಂದೇ ರೀತಿ ಕಾಣಬಹುದು, ಎಕ್ಸ್‌ರೇ ಮತ್ತು ಆಹಾರದ ವಿವರ ನೋಡದೆ ವೈದ್ಯರಿಗೂ ಬೇರ್ಪಡಿಸುವುದು ಕಷ್ಟ. ಹೋಗುವಾಗ ತೂಕ ಬರೆದ ನೋಟ್‌ಪುಸ್ತಕವನ್ನೂ ಡ್ರೈ ಫುಡ್ ಲೇಬಲ್‌ನ ಫೋಟೊವನ್ನೂ ಒಯ್ಯಿರಿ, ಮನೆಯವರು ಯಾರಾದರೂ ಸಿರಪ್ ಅಥವಾ ಪುಡಿ ಕೊಟ್ಟಿದ್ದರೆ ಅದರ ಡಬ್ಬಿಯನ್ನೂ ಜೊತೆಗಿಟ್ಟುಕೊಳ್ಳಿ.